ಇನ್ನೊಬ್ಬರ ಮಾತೂ ಒಂದು ಅಮಾನತ್ತು



ನಿಮ್ಮ ಮಗನದೋ ಮಗಳದೋ ಕನ್ನಡ ನೋಟ್‌ಬುಕ್ಕನ್ನು ಇವತ್ತು ಸಂಜೆ ಒಮ್ಮೆ ತೆರೆದು ನೋಡಿ. ಪ್ರಬಂಧ, ಪತ್ರಲೇಖನ, ಗಾದೆ ಮಾತಿನ ವಿಸ್ತರಣೆಗಳ ನಡುವೆ ಎಲ್ಲಾದರೂ ಒಂದು ಕಡೆ ಪತ್ರಿಕಾ ವರದಿ ಬರೆಯುವ ಅಭ್ಯಾಸ ಸಿಕ್ಕೀತು. ಬಹುಮಟ್ಟಿಗೆ ಅದು ಹೀಗಿರುತ್ತದೆ: ಕಾರ್ಯಕ್ರಮ ಬಹಳ ಅದ್ದೂರಿಯಾಗಿ ನೆರವೇರಿತು. ಮುಖ್ಯ ಅತಿಥಿಗಳು ಉದ್ಘಾಟಿಸಿದರು. ನಂತರ ಅವರು ಮಾತನಾಡಿ ಶಿಕ್ಷಣದ ಮಹತ್ವವನ್ನು ತಿಳಿಸಿದರು. ಕೊನೆಯಲ್ಲಿ ವಂದನಾರ್ಪಣೆಯೊಂದಿಗೆ ಕಾರ್ಯಕ್ರಮ ಮುಕ್ತಾಯವಾಯಿತು.

ಈಗ ಮಗುವಿಗೆ ಒಂದೇ ಒಂದು ಪ್ರಶ್ನೆ ಕೇಳಿ. “ಆ ಅತಿಥಿ ನಿಜವಾಗಿ ಏನು ಹೇಳಿದರು?” ಮಗು ತಲೆ ಕೆರೆದುಕೊಳ್ಳುತ್ತದೆ. “ಶಿಕ್ಷಣ ಮುಖ್ಯ ಅಂದರು” ಎನ್ನುತ್ತದೆ. ಯಾಕೆ ಮುಖ್ಯವೆಂದರು, ಯಾವ ಉದಾಹರಣೆ ಕೊಟ್ಟರು, ಯಾವ ಮಾತಿಗೆ ಮಕ್ಕಳೆಲ್ಲ ನಕ್ಕರು ಎಂದು ಕೇಳಿದರೆ ಉತ್ತರವಿಲ್ಲ. ವರದಿಯಲ್ಲಿ ಸಭೆಯಿದೆ, ಹಾರವಿದೆ, ಮೈಕ್ ಇದೆ. ಮಾತು ಮಾತ್ರ ಇಲ್ಲ.

ಇದು ಮಗುವಿನ ಸೋಮಾರಿತನವಲ್ಲ. ಅದಕ್ಕೆ ಸಿಕ್ಕಿರುವುದು ವರದಿಯ ಚೌಕಟ್ಟು ಮಾತ್ರ. ದಿನಾಂಕ, ಸ್ಥಳ, ಅಧ್ಯಕ್ಷತೆ, ಸ್ವಾಗತ, ವಂದನೆ ಎಲ್ಲವನ್ನೂ ಅದು ಅಚ್ಚುಕಟ್ಟಾಗಿ ತುಂಬುತ್ತದೆ. ಆದರೆ ಒಬ್ಬರ ಮಾತನ್ನು ಕಿವಿಗೊಟ್ಟು ಕೇಳುವುದು, ಕೇಳಿದ್ದನ್ನು ಇದ್ದಂತೆ ಕಾಗದಕ್ಕೆ ಇಳಿಸುವುದು, ಅದು ಯಾರ ಮಾತೆಂದು ಹೇಳುವುದು ಬೇರೆಯೇ ಒಂದು ವಿದ್ಯೆ. ಸೊರಬ ತಾಲೂಕಿನ ಹೊಸಬಾಳೆಯ ಕಡೆ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೆ ಈ ವಿದ್ಯೆ ಪರೀಕ್ಷೆಯ ಅಂಕಕ್ಕಿಂತ ದೊಡ್ಡದು ಎನಿಸುತ್ತದೆ. ಅದನ್ನು ಮನೆಯಲ್ಲೇ, ನಿಮ್ಮ ಅಡುಗೆಮನೆಯ ಬಾಗಿಲಲ್ಲೇ ಕಲಿಸಬಹುದು. ಹೇಗೆಂದು ನೋಡೋಣ.

ಗೆರೆಗಳ ಒಳಗೆ ಏನಿರಬೇಕು?

ಕನ್ನಡ ವ್ಯಾಕರಣದ ಪಾಠದಲ್ಲಿ ಲೇಖನ ಚಿಹ್ನೆಗಳನ್ನು ಹೇಳಿಕೊಡುತ್ತಾರೆ. ಪೂರ್ಣವಿರಾಮ, ಅಲ್ಪವಿರಾಮಗಳ ಜೊತೆಗೆ ಇನ್ನೆರಡು ಚಿಹ್ನೆಗಳಿವೆ. ಒಂಟಿ ಗೆರೆಯದು ವಾಕ್ಯವೇಷ್ಟನ ಚಿಹ್ನೆ. ಯಾವುದಾದರೂ ವಿಶೇಷ ಪದವನ್ನು, ಹೆಸರನ್ನು ಎತ್ತಿ ತೋರಿಸಲು ಅದು ಬೇಕು. ಜೋಡಿ ಗೆರೆಯದು ಉದ್ಧರಣ ಚಿಹ್ನೆ. ಒಬ್ಬರು ಆಡಿದ ಮಾತನ್ನು ನೇರವಾಗಿ ಕೊಡುವಾಗ ಅದನ್ನು ಬಳಸಬೇಕು. ಕೆಲವು ದಿನಪತ್ರಿಕೆಗಳಲ್ಲಿ ನೇರ ಮಾತಿಗೂ ಒಂಟಿ ಗೆರೆಯನ್ನೇ ಹಾಕುತ್ತಾರೆ. ಅದನ್ನು ಕಂಡು ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಪತ್ರಿಕೆಗಳಿಗೆ ಅವುಗಳದೇ ರೂಢಿಯಿದೆ, ಶಾಲೆಯ ಬರವಣಿಗೆಯಲ್ಲಿ ಜೋಡಿ ಗೆರೆ ಹಾಕು ಎಂದು ಹೇಳಿದರೆ ಸಾಕು.

ಆದರೆ ಗೆರೆ ಒಂಟಿಯೋ ಜೋಡಿಯೋ ಎಂಬುದಕ್ಕಿಂತ ಅದರ ಒಳಗೆ ಏನಿರುತ್ತದೆ ಎಂಬುದು ಮುಖ್ಯ. ಆ ಗೆರೆಗಳು ಓದುವವರಿಗೆ ಒಂದು ಭರವಸೆ ಕೊಡುತ್ತವೆ. ಈ ಮಾತು ನನ್ನದಲ್ಲ, ಅವರದು. ಅವರು ಆಡಿದಂತೆಯೇ ತಂದಿದ್ದೇನೆ, ಏನನ್ನೂ ಸೇರಿಸಿಲ್ಲ ಎಂದು. ನೆರೆಮನೆಯವರು ಹಜ್ಜಿಗೆ ಹೋಗುವಾಗ ನಿಮ್ಮಲ್ಲಿ ಒಡವೆಯ ಡಬ್ಬಿ ಇಟ್ಟುಹೋದರೆ ಅದನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ? ಒಂದು ಬಳೆ ತೆಗೆದು ಇನ್ನೊಂದು ಹಾಕುವುದಿಲ್ಲ. ಪಾಲಿಶ್ ಮಾಡಿಸಿ ಚಂದ ಮಾಡಿಡುತ್ತೇನೆ ಎಂದೂ ಹೊರಡುವುದಿಲ್ಲ. ಮಾತೂ ಹಾಗೆಯೇ. ಅದು ಆಡಿದವರ ಅಮಾನತ್ತು.

ಮಕ್ಕಳು ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಪರೀಕ್ಷೆಯಲ್ಲಿ ವರದಿ ಬರೆಯಲು ಹೇಳಿದಾಗ ನಡೆಯದೇ ಇರುವ ಕಾರ್ಯಕ್ರಮವನ್ನೇ ನಡೆದಂತೆ ಬರೆಯಬೇಕಲ್ಲ, ಆಗ ಮಾತನ್ನೂ ನಾವೇ ಕಟ್ಟಬೇಕಲ್ಲ? ಹೌದು. ಅದು ಅಭ್ಯಾಸ. ಬರೆಯುವವರಿಗೂ ಅಂಕ ಕೊಡುವವರಿಗೂ ಅದು ಕಲ್ಪನೆಯೆಂದು ಗೊತ್ತಿದೆ, ಯಾರಿಗೂ ಮೋಸವಿಲ್ಲ. ಆದರೆ ನಿಜವಾದ ಊರಿನ, ನಿಜವಾದ ಮನುಷ್ಯರ ಬಗ್ಗೆ ಬರೆಯುವಾಗ ಒಂದು ಪದವನ್ನೂ ಕಟ್ಟುವಂತಿಲ್ಲ. ಈ ವ್ಯತ್ಯಾಸವನ್ನು ಮಗುವಿಗೆ ಬಿಡಿಸಿ ಹೇಳಿ. ಇಲ್ಲವಾದರೆ “ಏನಾದರೂ ಒಳ್ಳೆಯ ಮಾತು ಹಾಕಿಬಿಡು” ಎಂಬ ಅಭ್ಯಾಸ ಪರೀಕ್ಷೆಯ ಕೋಣೆಯಿಂದ ಹೊರಗೂ ಬಂದುಬಿಡುತ್ತದೆ.

ಅದೇ ಮಾತೋ, ಮಾತಿನ ಸಾರವೋ?

ಎಲ್ಲ ಮಾತನ್ನೂ ಅಕ್ಷರಶಃ ನೆನಪಿಡಲು ಯಾರಿಗೂ ಸಾಧ್ಯವಿಲ್ಲ. ನೆನಪಿಲ್ಲದಿದ್ದರೆ ಏನು ಮಾಡಬೇಕು? ಗೆರೆ ತೆಗೆದು ಸಾರವನ್ನು ಹೇಳಬೇಕು. ನೇರ ಮಾತು ಬೇರೆ, ಪರೋಕ್ಷ ಮಾತು ಬೇರೆ. ಒಂದು ಉದಾಹರಣೆ ನೋಡಿ.

ಅಧಿಕಾರಿ ಮಕ್ಕಳಿಗೆ, “ನಾನು ನಾಳೆ ಇಲ್ಲಿಗೇ ಬಂದು ನಿಮ್ಮ ಪುಸ್ತಕ ನೋಡುತ್ತೇನೆ” ಎಂದರು. ಇದು ನೇರ ಮಾತು.

ತಾವು ಮರುದಿನ ಅಲ್ಲಿಗೇ ಬಂದು ಮಕ್ಕಳ ಪುಸ್ತಕ ನೋಡುವುದಾಗಿ ಅಧಿಕಾರಿ ಹೇಳಿದರು. ಇದು ಪರೋಕ್ಷ ಮಾತು.

‘ನಾನು’ ಎಂಬುದು ‘ತಾವು’ ಆಯಿತು. ‘ನಾಳೆ’ ಹೋಗಿ ‘ಮರುದಿನ’ ಬಂತು. ‘ಇಲ್ಲಿ’ ಹೋಗಿ ‘ಅಲ್ಲಿ’ ಆಯಿತು. ‘ನೋಡುತ್ತೇನೆ’ ಎಂಬುದು ‘ನೋಡುವುದಾಗಿ’ ಎಂದಾಯಿತು. ಮಕ್ಕಳು ಎಡವುವುದು ಇವೆರಡನ್ನೂ ಬೆರೆಸುವಾಗ. ‘ಅಧಿಕಾರಿಗಳು ನಾನು ನಾಳೆ ಬರುವುದಾಗಿ ಹೇಳಿದರು’ ಎಂದು ಬರೆದರೆ ಬರುವವರು ಯಾರು? ಅಧಿಕಾರಿಯೋ, ವರದಿ ಬರೆದ ಹುಡುಗನೋ? ಯಾವ ನಾಳೆ? ಮಾತು ನಡೆದ ದಿನದ ನಾಳೆಯೋ, ಪತ್ರಿಕೆ ಓದುವ ದಿನದ ನಾಳೆಯೋ? ಒಂದು ಸಣ್ಣ ಬೆರಕೆಯಿಂದ ಇಡೀ ಸುದ್ದಿ ಕೆಡುತ್ತದೆ.

ಮದ್ರಸದಲ್ಲಿ ಓದಿದವರಿಗೆ ಈ ಎಚ್ಚರ ಹೊಸದಲ್ಲ. ಹದೀಸಿನ ಕನ್ನಡ ಅನುವಾದಗಳನ್ನು ಓದುವಾಗ ನೀವು ಗಮನಿಸಿರಬಹುದು. ಇಂಥವರು ‘ವರದಿ ಮಾಡುತ್ತಾರೆ’ ಎಂದೇ ಅಲ್ಲಿ ಮಾತು ಆರಂಭವಾಗುತ್ತದೆ. ಪತ್ರಿಕೆಗೂ ಹದೀಸಿಗೂ ಕನ್ನಡದಲ್ಲಿ ನಾವು ಬಳಸುವುದು ಒಂದೇ ಪದ. ಪ್ರತಿಯೊಂದು ಹದೀಸಿಗೂ ಎರಡು ಭಾಗ. ಯಾರಿಂದ ಯಾರು ಕೇಳಿದರು ಎಂಬ ಸರಣಿ ಸನದ್, ಹೇಳಿದ ವಿಷಯ ಮತ್ನ್. ಇಮಾಮ್ ಬುಖಾರಿಯವರಂಥ (ಕ್ರಿ.ಶ. 810–870) ವಿದ್ವಾಂಸರು ವಿಷಯ ಎಷ್ಟು ಚೆನ್ನಾಗಿದೆ ಎಂದಷ್ಟೇ ನೋಡಲಿಲ್ಲ. ತಂದವರು ಯಾರು, ಅವರ ನೆನಪು ಎಂಥದು, ಯಾರಿಂದ ಕೇಳಿದೆ ಎನ್ನುತ್ತಾರೋ ಅವರನ್ನು ಇವರು ಭೇಟಿಯಾಗಿದ್ದರೇ ಎಂದು ವಿಚಾರಿಸಿದರು. ಅಷ್ಟೇ ಅಲ್ಲ. ಮಾತನ್ನು ಅದೇ ಪದಗಳಲ್ಲಿ ತರುವುದು ಒಂದು ಬಗೆ, ಅರ್ಥವನ್ನು ಮಾತ್ರ ತರುವುದು ಇನ್ನೊಂದು ಬಗೆ ಎಂದು ಅವರು ಬೇರ್ಪಡಿಸಿದ್ದರು. ಪದಗಳ ಬಗ್ಗೆ ಖಚಿತವಿಲ್ಲದಾಗ ‘ಅವ್ ಕಮಾ ಕಾಲ’, ಅಂದರೆ ‘ಅಥವಾ ಅವರು ಹೇಳಿದ ಹಾಗೆ’ ಎಂದು ಸೇರಿಸುವ ಪದ್ಧತಿ ಇಂದಿಗೂ ಇದೆ. ಏಳನೇ ತರಗತಿಯ ಮಗು ಕಲಿಯುವ ನೇರ ಮಾತು, ಪರೋಕ್ಷ ಮಾತುಗಳ ಹಿಂದೆ ಇರುವುದೂ ಇದೇ ಪ್ರಾಮಾಣಿಕತೆ.

ನಮ್ಮ ಈ ನೆಲಕ್ಕೂ ಇದು ಹೊಸದಲ್ಲ. ಪಕ್ಕದ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಸ್ತಂಭ ಶಾಸನವಿದೆ. ಅದನ್ನು ರಚಿಸಿದ ಕವಿ ಕುಬ್ಜನೆಂದು ಆ ಕಲ್ಲೇ ಹೇಳುತ್ತದೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಇರುವುದೂ ಆ ತಾಲೂಕಿನಲ್ಲೇ. ವಚನಗಳ ಕೊನೆಯಲ್ಲಿ ಅಂಕಿತವಿರುತ್ತದೆ. ‘ಗುಹೇಶ್ವರ’ ಎಂದಿದ್ದರೆ ಅಲ್ಲಮನದು, ‘ಚೆನ್ನಮಲ್ಲಿಕಾರ್ಜುನ’ ಎಂದಿದ್ದರೆ ಅಕ್ಕನದು ಎಂದು ಶಾಲೆಯ ಮಕ್ಕಳೂ ಗುರುತಿಸುತ್ತಾರೆ. ಯಾರ ಮಾತೆಂಬುದು ಮಾತಿನ ಜೊತೆಗೇ ಇರಬೇಕು ಎಂಬುದು ಇಲ್ಲಿನವರಿಗೆ ಹಿಂದಿನಿಂದಲೂ ಗೊತ್ತಿತ್ತು.

‘ಅಂತೆ’ ಮತ್ತು ‘ಎನ್ನಲಾಗಿದೆ’

ಕನ್ನಡದಲ್ಲಿ ಒಂದು ಅಪರೂಪದ ಅನುಕೂಲವಿದೆ. “ಅವನು ಬಂದ” ಎಂದರೆ ನಾನು ನೋಡಿದ್ದೇನೆ ಎಂದು. “ಅವನು ಬಂದನಂತೆ” ಎಂದರೆ ಯಾರೋ ಹೇಳಿದರು ಎಂದು. ಎರಡಕ್ಷರದ ‘ಅಂತೆ’ ಸೇರಿಸಿದೊಡನೆ ಅದು ಕೇಳಿದ ಮಾತಾಗುತ್ತದೆ. ಎಷ್ಟು ಒಳ್ಳೆಯ ಪದ! ಆದರೆ ಯಾರಿಂದ ಕೇಳಿದ್ದು ಎಂಬುದನ್ನು ಅದು ಹೇಳುವುದಿಲ್ಲ. ಹಾಗಾಗಿಯೇ ‘ಅಂತೆ ಕಂತೆ’ ಎಂಬ ಮಾತು ಹುಟ್ಟಿದ್ದು.

ಪತ್ರಿಕೆಯ ಭಾಷೆಯಲ್ಲಿ ಇದೇ ‘ಅಂತೆ’ ಕೋಟು ಹಾಕಿಕೊಂಡು ಬರುತ್ತದೆ. ‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತಿದೆ’, ‘ತಿಳಿದುಬಂದಿದೆ’, ‘ಮೂಲಗಳ ಪ್ರಕಾರ’, ‘ಸ್ಥಳೀಯರು ಆರೋಪಿಸಿದ್ದಾರೆ’. ಯಾರು ಎನ್ನುತ್ತಾರೆ? ಯಾರಿಗೆ ತಿಳಿದುಬಂತು? ಯಾವ ಸ್ಥಳೀಯರು, ಎಷ್ಟು ಮಂದಿ? ಕೆಲವೊಮ್ಮೆ ಹೆಸರು ಹೇಳಿದರೆ ಆ ವ್ಯಕ್ತಿಗೆ ಅಪಾಯವಿರುತ್ತದೆ, ಆಗ ಹೆಸರು ಬಿಡುವುದು ನ್ಯಾಯ. ಆದರೆ ಎಷ್ಟೋ ಸಲ ಕೇಳಲು ಯಾರೂ ಹೋಗಿರುವುದೇ ಇಲ್ಲ.

ಮಕ್ಕಳಿಂದ ಒಂದು ಆಟ ಆಡಿಸಿ. ಹಳೆಯ ದಿನಪತ್ರಿಕೆಯ ಒಂದು ಪುಟ, ಒಂದು ಕೆಂಪು ಪೆನ್, ಒಂದು ನೀಲಿ ಪೆನ್ ಕೊಡಿ. ಹೆಸರಿರುವ ವ್ಯಕ್ತಿಯ ಮಾತು ಎಲ್ಲೆಲ್ಲಿ ಇದೆಯೋ ಅಲ್ಲಿ ನೀಲಿ ಗೆರೆ. ಯಾರ ಮಾತೆಂದು ಗೊತ್ತಾಗದ ಕಡೆ ಕೆಂಪು ಸುತ್ತು. ಒಂದು ವಾರ ಮಾಡಿದರೆ ಮಗುವಿನ ಕಣ್ಣು ತಾನಾಗಿ ಹುಡುಕತೊಡಗುತ್ತದೆ. ನಮ್ಮ ಸಮುದಾಯದ ಬಗ್ಗೆ, ಅದರಲ್ಲೂ ನಮ್ಮ ಹೆಣ್ಣುಮಕ್ಕಳ ಬಗ್ಗೆ ಬರೆದ ಸುದ್ದಿ ಸಿಕ್ಕರೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಇದರಲ್ಲಿ ಆ ಹೆಣ್ಣುಮಕ್ಕಳಲ್ಲಿ ಒಬ್ಬರಾದರೂ ಮಾತಾಡಿದ್ದಾರೆಯೇ, ಅಥವಾ ಎಲ್ಲರೂ ಅವರ ಬಗ್ಗೆ ಮಾತಾಡಿದ್ದಾರೆಯೇ? ಇದೇ ಪ್ರಶ್ನೆ ನಮ್ಮ ಪತ್ರಿಕೆಗಳಿಗೂ ಅನ್ವಯಿಸುತ್ತದೆ. ನಾವು ಬೇರೆಯವರ ಬಗ್ಗೆ ಬರೆಯುವಾಗ ಅವರ ಬಾಯಿಂದ ಕೇಳಿದ್ದೇವೆಯೇ?

ಇದು ಬರೀ ಭಾಷೆಯ ವಿಷಯವಲ್ಲ, ಜೀವದ ವಿಷಯ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ತಿಳಿದು ಗುಂಪು ಹೊಡೆದು ಕೊಂದಿತು. ವದಂತಿ ಹರಡಿದ್ದು ವಾಟ್ಸಾಪಿನಲ್ಲಿ. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸಲಾಗದಂತೆ ವಾಟ್ಸಾಪ್ ಮಿತಿ ಹಾಕಿದ್ದು ಅದೇ ತಿಂಗಳಲ್ಲಿ. ಆದರೆ ಆ ಐದು ಜನರಿಗೆ ಕಳಿಸುವ ಬೆರಳನ್ನು ತಡೆಯಬೇಕಾದದ್ದು ಯಾರು? ಸುದ್ದಿ ಬಂದಾಗ ಮೊದಲು ಪರಿಶೀಲಿಸಿ, ತಿಳಿಯದೆ ಯಾರಿಗೂ ಹಾನಿ ಮಾಡಬೇಡಿ ಎಂಬ ಎಚ್ಚರಿಕೆ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದನ್ನು ಪ್ರವಾದಿ(ಸ) ಸುಳ್ಳಿನ ಸಾಲಿಗೇ ಸೇರಿಸಿದ್ದಾರೆ. ಇದನ್ನು ಬಾಯಿಪಾಠ ಮಾಡಿಸುವುದು ಸುಲಭ. ಅಭ್ಯಾಸ ಮಾಡಿಸುವುದಕ್ಕೆ ವರದಿ ಬರವಣಿಗೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಯಾರನ್ನು ಏನು ಕೇಳಬೇಕು?

ಮಾತು ಬೇಕೆಂದು ಸಿಕ್ಕಿದವರ ಮಾತನ್ನೆಲ್ಲ ಹಾಕಿದರೆ ವರದಿಯಾಗುವುದಿಲ್ಲ. ಯಾರಿಗೆ ಏನು ಗೊತ್ತೋ ಅದಕ್ಕೆ ಅವರ ಮಾತು ಬೇಕು. ಮಲೆನಾಡಿನ ನಮಗೆ ಗೊತ್ತಿರುವ ಒಂದು ವಿಷಯವನ್ನೇ ತೆಗೆದುಕೊಳ್ಳಿ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕವೆಲ್ಲ ಆ ಕಾಯಿಲೆಯನ್ನು ಇಂದಿಗೂ ಕ್ಯಾಸನೂರಿನ ಹೆಸರಿನಿಂದಲೇ ಕರೆಯುತ್ತದೆ. ಅದನ್ನು ಹರಡುವುದು ಉಣುಗು. ಬೇಸಿಗೆ ಹತ್ತಿರ ಬಂದಂತೆ ಊರೂರಲ್ಲಿ ಇದರ ಮಾತು ಏಳುತ್ತದೆ. ನೂರು ಅಂತೆಗಳು ಹುಟ್ಟುತ್ತವೆ.

ಮಗು ಇದರ ಬಗ್ಗೆ ವರದಿ ಬರೆಯಬೇಕೆಂದುಕೊಳ್ಳಿ. ತೋಟದ ಹಿಂದೆ ಮಂಗ ಸತ್ತುಬಿದ್ದಿದ್ದನ್ನು ಕಂಡ ಹೆಂಗಸು ತಾನು ಕಂಡದ್ದನ್ನು ಹೇಳಬಲ್ಲಳು. ಎಲ್ಲಿ, ಯಾವಾಗ, ಎಷ್ಟು ಎಂದು ಅವಳನ್ನೇ ಕೇಳಬೇಕು. ಅದು ಯಾವ ಕಾಯಿಲೆಯಿಂದ ಸತ್ತಿತು ಎಂಬುದನ್ನು ಅವಳು ಹೇಳಲಾರಳು, ಹೇಳಿದರೂ ಅದು ಅವಳ ಊಹೆ. ಅದಕ್ಕೆ ವೈದ್ಯರು ಬೇಕು. ಕಾಡಿಗೆ ಹೋಗುವವರು ಏನು ಎಚ್ಚರ ವಹಿಸಬೇಕು ಎಂಬುದಕ್ಕೆ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಸೌದೆಗೆ, ದರಕಿಗೆ ಹೋಗದಿದ್ದರೆ ಸಂಸಾರ ಹೇಗೆ ನಡೆಯುತ್ತದೆ ಎಂಬುದಕ್ಕೆ ಮತ್ತೆ ಆ ಹೆಂಗಸಿನ ಮಾತೇ ಬೇಕು. ವೈದ್ಯರಿಗೆ ಅದು ಗೊತ್ತಿರುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇಡಬಾರದು, ಒಬ್ಬರ ತಿಳಿವಳಿಕೆಯ ಜಾಗದಲ್ಲಿ ಇನ್ನೊಬ್ಬರದನ್ನು ಕೂರಿಸಲೂಬಾರದು.

ಹಾಗೆಯೇ, ಎಲ್ಲವನ್ನೂ ಗೆರೆಯೊಳಗೆ ಹಾಕಬೇಕಾಗಿಲ್ಲ. ಶುಂಠಿಯ ದರ, ಮಳೆಯ ಪ್ರಮಾಣ, ಶಾಲೆಯ ಮಕ್ಕಳ ಸಂಖ್ಯೆ ಇವೆಲ್ಲ ವಿವರ. ಅದನ್ನು ವಿಚಾರಿಸಿ, ಸರಿ ನೋಡಿ, ತನ್ನ ಮಾತಿನಲ್ಲೇ ಮಗು ಬರೆಯಲಿ. “ಶುಂಠಿ ಕೊಳೆತುಹೋದ ಮೇಲೆ ಆ ಗದ್ದೆಯ ಕಡೆ ಮುಖ ಹಾಕಲೇ ಇಲ್ಲ” ಎಂದು ರೈತರೊಬ್ಬರು ಹೇಳಿದರೆ ಅದನ್ನು ಮಾತ್ರ ಗೆರೆಯೊಳಗೆ ಇಡಲಿ. ಅನುಭವ, ಅಭಿಪ್ರಾಯ, ಕೊಟ್ಟ ಮಾತು ಈ ಮೂರೂ ಆಡಿದವರ ಪದಗಳಲ್ಲೇ ಇದ್ದರೆ ಚೆಂದ.

ಮಾತಿನ ಕೊನೆಗೆ ಬರುವ ಕ್ರಿಯಾಪದವನ್ನೂ ನೋಡಿಕೊಳ್ಳಬೇಕು. ‘ಹೇಳಿದರು’ ಎಂದು ಪದೇಪದೇ ಬರೆಯಲು ಮಕ್ಕಳಿಗೆ ಬೇಸರ. ಹಾಗಾಗಿ ‘ಒಪ್ಪಿಕೊಂಡರು’, ‘ಗುಡುಗಿದರು’, ‘ಸಮರ್ಥಿಸಿಕೊಂಡರು’ ಎಂದೆಲ್ಲ ಹಾಕುತ್ತಾರೆ. ಒಪ್ಪಿಕೊಂಡರು ಎಂದೊಡನೆ ಅವರು ಏನೋ ತಪ್ಪು ಮಾಡಿದ್ದರೆಂದು ಓದುವವರು ತೀರ್ಮಾನಿಸುತ್ತಾರೆ. ಸಮರ್ಥಿಸಿಕೊಂಡರು ಎಂದರೆ ಎದುರಿಗೆ ಆರೋಪವಿತ್ತೆಂದು ಅರ್ಥ. ‘ಹೇಳಿದರು’, ‘ಎಂದರು’, ‘ತಿಳಿಸಿದರು’ ಇವು ಎಷ್ಟು ಸಲ ಬಂದರೂ ಯಾರಿಗೂ ಅನ್ಯಾಯವಾಗುವುದಿಲ್ಲ.

ಕತ್ತರಿಯ ಕೆಲಸ

ಉದ್ದದ ಮಾತನ್ನು ಚಿಕ್ಕದು ಮಾಡಬೇಕಾಗುತ್ತದೆ. ಇಲ್ಲಿಯೇ ಅತಿ ದೊಡ್ಡ ಅಪಾಯ. ಸಭೆಯಲ್ಲಿ ಒಬ್ಬ ಹಿರಿಯರು ಹೀಗೆ ಹೇಳಿದರೆನ್ನಿ: “ಹುಡುಗಿಯರನ್ನು ಕಾಲೇಜಿಗೆ ಕಳಿಸಬಾರದು ಎನ್ನುವವರು ತಮ್ಮ ಮನೆಗೇ ಅನ್ಯಾಯ ಮಾಡಿಕೊಳ್ಳುತ್ತಿದ್ದಾರೆ.” ಇದರಲ್ಲಿ ಮೊದಲ ಮೂರೇ ಪದ ಕತ್ತರಿಸಿ, “ಹುಡುಗಿಯರನ್ನು ಕಾಲೇಜಿಗೆ ಕಳಿಸಬಾರದು” ಎಂದು ಗೆರೆಯೊಳಗೆ ಹಾಕಿ ನೋಡಿ. ಪದಗಳೆಲ್ಲ ಅವರವೇ. ಒಂದನ್ನೂ ಸೇರಿಸಿಲ್ಲ. ಆದರೂ ಇದು ಹಸಿ ಸುಳ್ಳು. ನಾಳೆ ಬೆಳಗ್ಗೆ ಆ ಹಿರಿಯರ ಮೊಮ್ಮಗಳು ಇದನ್ನು ಪತ್ರಿಕೆಯಲ್ಲಿ ಓದಿದರೆ ಏನಾಗಬೇಡ?

ಈ ಉದಾಹರಣೆಯನ್ನು ಮಕ್ಕಳ ಮುಂದೆ ಇಟ್ಟು ಅವರೇ ಕತ್ತರಿಸಲಿ, ಅವರೇ ಅರ್ಥ ಕೆಡುವುದನ್ನು ನೋಡಲಿ. ನಡುವೆ ಮಾತು ಬಿಟ್ಟರೆ ಮೂರು ಚುಕ್ಕಿ ಹಾಕಬೇಕು, ಆದರೆ ಅರ್ಥ ತಿರುಗುವ ಕಡೆ ಚುಕ್ಕಿ ಹಾಕಿದರೂ ಬಿಡುವಂತಿಲ್ಲ. ಕತ್ತರಿಸಿದ ಮೇಲೆ ಒಂದು ಪರೀಕ್ಷೆ: ಇದನ್ನು ಆಡಿದವರ ಎದುರಿಗೇ ನಿಂತು ಓದಬಲ್ಲೆಯಾ? ಓದಬಲ್ಲೆ ಎಂದರೆ ಸರಿ. ಹಿಂಜರಿಕೆಯಾದರೆ ಎಲ್ಲೋ ತಪ್ಪಿದೆ.

ದಾದಿಯ ಮಾತು, ಕನ್ನಡದ ವರದಿ

ಕನ್ನಡದಲ್ಲಿ ಬರೆಯುವ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಶಾಲೆಯ ವರದಿ ಕನ್ನಡದಲ್ಲಿ, ಮನೆಯ ಮಾತು ಬೇರೆ. ನಮ್ಮ ಕಡೆ ಮನೆಗಳಲ್ಲಿ ಉರ್ದು, ಕರಾವಳಿಯಲ್ಲಿ ಬ್ಯಾರಿ, ಭಟ್ಕಳದಲ್ಲಿ ನವಾಯತಿ. ನೀರಿನ ತೊಂದರೆಯ ಬಗ್ಗೆ ಮಗು ದಾದಿಯನ್ನು ಕೇಳುತ್ತದೆ. ದಾದಿ, “ದೋ ರೋಜ್ ಸೆ ಪಾನಿ ನೈ ಆಯಾ” ಎನ್ನುತ್ತಾರೆ. ವರದಿಯಲ್ಲಿ ಹೇಗೆ ಬರೆಯಬೇಕು?

ಮೂರು ದಾರಿಗಳಿವೆ. ಎರಡು ದಿನದಿಂದ ನೀರು ಬಂದಿಲ್ಲವೆಂದು ಅವರು ಹೇಳಿದರು ಎಂದು ಪರೋಕ್ಷವಾಗಿ ಬರೆಯುವುದು ಒಂದು. “ಎರಡು ದಿನದಿಂದ ನೀರು ಬಂದಿಲ್ಲ” ಎಂದು ಅವರು ಉರ್ದುವಿನಲ್ಲಿ ಹೇಳಿದರು ಎಂದು ಬರೆಯುವುದು ಎರಡನೆಯದು. ಇದರಿಂದ ಓದುವವರಿಗೆ ಇದು ಅನುವಾದವೆಂದು ಗೊತ್ತಾಗುತ್ತದೆ. ದಾದಿಯ ಒಂದು ಪದಕ್ಕೆ ವಿಶೇಷ ಸೊಗಸಿದ್ದರೆ ಅದನ್ನು ಕನ್ನಡ ಅಕ್ಷರದಲ್ಲಿ ಹಾಗೆಯೇ ಇಟ್ಟು ಮುಂದೆ ಅರ್ಥ ಹೇಳುವುದು ಮೂರನೆಯದು. ಮಾಡಬಾರದ್ದು ಒಂದೇ. ದಾದಿಯ ಬಾಯಲ್ಲಿ ‘ಕುಡಿಯುವ ನೀರಿನ ಸಮರ್ಪಕ ಪೂರೈಕೆಯ ಕೊರತೆಯಿಂದ ಬವಣೆ ಪಡುತ್ತಿದ್ದೇವೆ’ ಎಂಬ ಸರ್ಕಾರಿ ಕನ್ನಡವನ್ನು ತುರುಕಬಾರದು. ಓದಿದವರಿಗೆ ಆಗ ದಾದಿ ಕಾಣುವುದಿಲ್ಲ, ಫೈಲು ಕಾಣುತ್ತದೆ. ಹಳ್ಳಿಯ ಕನ್ನಡ ಮಾತಾಡುವ ಅಜ್ಜಿಯ ಮಾತಿಗೂ ಇದೇ ನಿಯಮ.

ಇನ್ನು ಹೆಸರಿನ ವಿಷಯ. ಮಾತಾಡಿದವರನ್ನು, “ನಿಮ್ಮ ಹೆಸರು ಬರೆಯಬಹುದೇ?” ಎಂದು ಮೊದಲೇ ಕೇಳಬೇಕು. ಬೇಡವೆಂದರೆ ಬಿಡಬೇಕು. ನಮ್ಮ ಎಷ್ಟೋ ಹೆಂಗಸರಿಗೆ ತಮ್ಮ ಹೆಸರು ನಾಲ್ಕು ಜನರ ಮುಂದೆ ಬರುವುದು ಇಷ್ಟವಿರುವುದಿಲ್ಲ. ಅವರನ್ನು ಒತ್ತಾಯಿಸುವುದು ತಪ್ಪು. ಹಾಗೆಯೇ, ಅವರಿಗೆ ಇಷ್ಟವಿರಲಿಕ್ಕಿಲ್ಲ ಎಂದು ನಾವೇ ತೀರ್ಮಾನಿಸಿ ಕೇಳದೇ ಬರುವುದೂ ತಪ್ಪು. ಯಾರ ಮೇಲಾದರೂ ದೂರಿದ್ದರೆ ಆ ವ್ಯಕ್ತಿಯ ಮಾತನ್ನೂ ಕೇಳಿ ಬರೆಯಬೇಕು. ದೊಡ್ಡ ಪತ್ರಿಕೆಗಳಿಗೆ ಭಾರತೀಯ ಪತ್ರಿಕಾ ಮಂಡಳಿಯ ನಡತೆಯ ನಿಯಮಗಳು ಹೇಳುವುದೂ ಇದನ್ನೇ.

ಅಭ್ಯಾಸಕ್ಕೊಂದು ಜಾಗ

ಮಕ್ಕಳು ನಿಜವಾದ ವರದಿ ಬರೆಯಲು ಜಾಗ ಎಲ್ಲಿದೆ ಎನ್ನುತ್ತೀರಾ? ಇದೆ. ನಮ್ಮ ರಾಜ್ಯದಲ್ಲಿ 2006ರಲ್ಲಿ ಸರ್ಕಾರದ ಆದೇಶವಾದಂದಿನಿಂದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ವ್ಯವಸ್ಥೆಯಿದೆ. ಮಕ್ಕಳೇ ಎದ್ದುನಿಂತು ಶೌಚಾಲಯ, ಬಸ್ಸು, ನೀರು, ಆಟದ ಮೈದಾನದ ಬಗ್ಗೆ ಕೇಳುತ್ತಾರೆ. ಪಂಚಾಯಿತಿಯವರು, ಅಧಿಕಾರಿಗಳು ಉತ್ತರ ಕೊಡುತ್ತಾರೆ. ಅಲ್ಲಿಗೆ ಹೋಗುವ ಮಗುವಿನ ಕೈಯಲ್ಲಿ ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಇರಲಿ. “ಮಳೆಗಾಲಕ್ಕೆ ಮೊದಲು ಸೋರುವ ಹೆಂಚು ಬದಲಾಯಿಸುತ್ತೇವೆ” ಎಂದು ಯಾರಾದರೂ ಹೇಳಿದರೆ ಆ ಪದಗಳನ್ನೇ, ಹೇಳಿದವರ ಹುದ್ದೆ ಮತ್ತು ದಿನಾಂಕದೊಡನೆ ಬರೆದುಕೊಳ್ಳಲಿ. “ಸರ್, ನೀವು ಹೇಳಿದ್ದು ಇದೇ ಅಲ್ಲವೇ?” ಎಂದು ಅವರಿಗೇ ಓದಿ ಹೇಳಲಿ. ಅಗತ್ಯ ಕ್ರಮ ಕೈಗೊಳ್ಳುವ ಭರವಸೆ ನೀಡಿದರು ಎಂದು ಬರೆದರೆ ಮುಂದಿನ ವರ್ಷ ಕೇಳಲು ಏನೂ ಉಳಿದಿರುವುದಿಲ್ಲ. ಆಡಿದ ಮಾತು ಹಾಗೆಯೇ ಇದ್ದರೆ ಮುಂದಿನ ಸಭೆಯಲ್ಲಿ ಅದನ್ನೇ ಓದಬಹುದು.

ಮಕ್ಕಳ ಮಾತಿಗೆ ಪತ್ರಿಕೆಯಲ್ಲಿ ಜಾಗ ಕೊಟ್ಟ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1990ರಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಕಟ್ಟಿಕೊಂಡರು. ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆ ಆ ಮಕ್ಕಳ ಸುದ್ದಿಯನ್ನು ಹೊತ್ತು ತರುತ್ತಿತ್ತು. ಗೋಡೆ ಪತ್ರಿಕೆಗೆ ಖರ್ಚೇನೂ ಇಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಒಂದು ಸ್ಕೆಚ್ ಪೆನ್ ಇದ್ದರೆ ನಿಮ್ಮ ಮದ್ರಸದಲ್ಲೂ, ಮೊಹಲ್ಲಾದಲ್ಲೂ ಮಾಡಬಹುದು.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಆ ಹುಡುಗಿ ಕಲಿತರು. ಮುಂದೆ 1980ರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಗೆ ವರದಿಗಾರ್ತಿಯಾದರು, ವಕೀಲೆಯಾದರು. ಅವರ ಕನ್ನಡ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಪ್ರಶಸ್ತಿ ಎಲ್ಲರಿಗೂ ಬರುವುದಿಲ್ಲ. ಆದರೆ ಗಂಡಸು ವರದಿಗಾರ ಹೋಗಲಾಗದ ಎಷ್ಟೋ ಮನೆಗಳ ಒಳಗೆ ನಮ್ಮ ಮಗಳು ಹೋಗಬಲ್ಲಳು, ಅಲ್ಲಿ ಯಾರೂ ಕೇಳದ ಮಾತನ್ನು ಕೇಳಬಲ್ಲಳು. ಅದನ್ನು ಇದ್ದಂತೆ ತರುವ ವಿದ್ಯೆ ಅವಳಿಗಿದ್ದರೆ ನಮ್ಮ ಮಾತು ನಮ್ಮದಾಗಿಯೇ ನಾಲ್ಕು ಜನರನ್ನು ತಲುಪುತ್ತದೆ.

ಮನೆಯಲ್ಲಿ ಮಾಡಬಹುದಾದ್ದು

ಇಷ್ಟಕ್ಕೆಲ್ಲ ಬಿಡುವಿಲ್ಲ ಎನ್ನುವ ತಾಯಂದಿರಿಗೆ ನಾಲ್ಕೇ ಕೆಲಸಗಳು.

ಒಂದು, ವಾರಕ್ಕೊಮ್ಮೆ ಮಗು ಮನೆಯ ಹಿರಿಯರೊಬ್ಬರನ್ನು ಐದು ಪ್ರಶ್ನೆ ಕೇಳಲಿ. ನಾನಿಯ ಮದುವೆಯ ದಿನ, ಅಬ್ಬಾ ಮೊದಲು ದುಡಿದ ಕೆಲಸ, ಚಾಚಾ ಕಂಡ ದೊಡ್ಡ ಮಳೆ, ಏನಾದರೂ ಆಗಬಹುದು. ಹತ್ತು ಸಾಲಿನ ವರದಿ ಬರೆಯಲಿ. ಅದರಲ್ಲಿ ಎರಡು ನೇರ ಮಾತು ಇರಲೇಬೇಕು.

ಎರಡು, ಬರೆದದ್ದನ್ನು ಆ ಹಿರಿಯರಿಗೇ ಓದಿ ಹೇಳಲಿ. “ನಾನು ಹಾಗಂದಿಲ್ಲ ಮಗಾ” ಎಂದರೆ ತಿದ್ದಲಿ. ತಿದ್ದುವುದು ನಾಚಿಕೆಯ ಕೆಲಸವಲ್ಲ.

ಮೂರು, ಮಗು ಶಾಲೆಯಿಂದ ಬಂದು, “ಟೀಚರ್ ಹೀಗಂದರಂತೆ” ಎಂದರೆ ಗದರಬೇಡಿ, ನಗಬೇಡಿ. ನೀನೇ ಕೇಳಿದೆಯಾ, ಯಾರಾದರೂ ಹೇಳಿದರಾ, ಸರಿಯಾಗಿ ಯಾವ ಮಾತು ಅಂದರು ಎಂದು ಸಮಾಧಾನದಿಂದ ಕೇಳಿ.

ನಾಲ್ಕನೆಯದು ನಮಗೆ, ದೊಡ್ಡವರಿಗೆ. ಬಾಗಿಲಲ್ಲಿ ನಿಂತು ನೆರೆಮನೆಯವರ ಬಗ್ಗೆ ಮಾತಾಡುವಾಗ, ಸೊಸೆ ಹೇಳಿದ್ದನ್ನು ಮಗನಿಗೆ ದಾಟಿಸುವಾಗ, ನಾದಿನಿಯ ಮಾತನ್ನು ತವರಿಗೆ ಫೋನಿನಲ್ಲಿ ಹೇಳುವಾಗ ಮಗು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತದೆ. ಅವರು ಒಂದು ಹೇಳಿದ್ದನ್ನು ನಾವು ಎರಡಾಗಿ ಹೇಳಿದರೆ ಉದ್ಧರಣ ಚಿಹ್ನೆಯ ಪಾಠ ಅಲ್ಲಿಗೇ ಮುಗಿಯಿತು. ಎಷ್ಟು ಮನೆಗಳು ಒಡೆದಿರುವುದು ಆಡಿದ ಮಾತಿನಿಂದಲ್ಲ, ಆಡಿದರೆಂದು ದಾಟಿಸಿದ ಮಾತಿನಿಂದ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಮಗುವಿನ ನೋಟ್‌ಬುಕ್ಕಿನಲ್ಲಿ ಮುಂದಿನ ಸಲ ಜೋಡಿ ಗೆರೆ ಕಂಡಾಗ, ಅಂಕ ಎಷ್ಟು ಬಂತು ಎಂದು ಕೇಳುವ ಮೊದಲು, ಇದನ್ನು ಯಾರು ಹೇಳಿದರು, ಹೀಗೆಯೇ ಹೇಳಿದರಾ ಎಂದು ಕೇಳಿ.